ಮೂರು ಮಹಡಿಯ ಕಿಲಿಮಂಜಾರೋ

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಕನ್ನಡ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ಪ್ರತಿವರ್ಷ ಕಿಲಿಮಂಜಾರೋ ಪಾಠವನ್ನು ಮೆಟ್ಟಿಲ ಮೇಲೆಯೇ ಮಾಡುತ್ತಿದ್ದರು. ನೆಲಮಹಡಿ ಬಾಳೆತೋಟ. ಮೊದಲನೆಯದು ಮಳೆಕಾಡು, ಅಲ್ಲಿ ಬಿಳಿ ಬಾಲದ ಕರಿಮಂಗಗಳು. ಆ ಪಾತ್ರಕ್ಕೆ ನನ್ನನ್ನೇ ಆರಿಸಿದ್ದರು, ವೇಷದ ಖರ್ಚಿರಲಿಲ್ಲ. ಎರಡನೆಯದರಲ್ಲಿ ಕುರುಚಲು ಗಿಡ, ಮೂರನೆಯದರಲ್ಲಿ ಜ್ವಾಲಾಮುಖಿಯ ಬೂದಿ, ಟೆರೇಸಿನಲ್ಲಿ ಹಿಮ. ಸ್ವತಃ ಅವರು ಬೊರಿವಲಿಯ ಕಾಡಿನಾಚೆ ಹೋದವರಲ್ಲ. ಪ್ರತಿ ತಿರುವಿನಲ್ಲೂ ನಿಂತು ಕನ್ನಡಕ ಒರೆಸುತ್ತ, "ಅವಸರ ಬೇಡ ಮಾರಾಯ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ" ಎನ್ನುತ್ತಿದ್ದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಡಾಕ್ಟರು ಅವರಿಗೆ ಮೆಟ್ಟಿಲು ಹತ್ತಕೂಡದೆಂದರು. ಬೋರ್ಡಿನ ಮೇಲೆ ಬರೆದು ಪಾಠ ಮುಗಿಸಿ ಎಂದರು ಹೆಡ್‌ಮಾಸ್ತರು. ಮೇಷ್ಟ್ರು ಒಪ್ಪಲಿಲ್ಲ, ನನ್ನನ್ನು ಕರೆಸಿದರು.

"ನನ್ನ ದನಿ ಮಾಡ್ತೀಯಂತೆ. ಮಾಡು, ಕೇಳುವಾ."

ಮೂಗಿನಿಂದಲೇ "ಅವಸರ ಬೇಡ ಮಾರಾಯ" ಎಂದೆ.

"ಮೂಗು ಸ್ವಲ್ಪ ಜಾಸ್ತಿಯಾಯ್ತು. ಇರಲಿ, ಮಕ್ಕಳನ್ನು ನೀನೇ ಹತ್ತಿಸು. ನಾನು ಬಾಳೆತೋಟದಲ್ಲಿ ಕೂತಿರ್ತೇನೆ."

ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ನಾನು ಅವರ ದನಿಯಲ್ಲಿ ಕೂಗುತ್ತ ಇಡೀ ಕ್ಲಾಸನ್ನು ಹತ್ತಿಸಿದೆ. ಕಾಡು ದಾಟುವಾಗ, "ಮಂಗ ಬಿಟ್ಟುಹೋಯ್ತಲ್ಲ!" ಎಂದು ಕೆಳಗಿನಿಂದ ಕೂಗು ಬಂತು. ಟೆರೇಸಿನಲ್ಲಿ ಅಕ್ಟೋಬರ್ ಬಿಸಿಲು ಸುಡುತ್ತಿತ್ತು. ಗೋಡೆಗೆ ಕೈಯಿಟ್ಟು "ಇದು ಹಿಮ" ಎಂದೆ. ಯಾರೂ ನಗಲಿಲ್ಲ.

ಇಳಿದು ಬಂದಾಗ ಕೇಳಿದರು, "ಮೇಲೆ ಹೇಗುಂಟು?"

"ಹಿಮ ಮುಟ್ಟಿ ಬಂದೆವು, ಸರ್."

ಅವರು ನನ್ನ ಕೈಯೆಳೆದು ತಮ್ಮ ಕೆನ್ನೆಗೆ ಒತ್ತಿಕೊಂಡರು. ಗೋಡೆ ಮುಟ್ಟಿದ ಆ ಕೈ ಇನ್ನೂ ದೋಸೆ ಕಾವಲಿಯಂತೆ ಕಾದಿತ್ತು. ಅವರು ಕಣ್ಣು ಮುಚ್ಚಿದರು.

"ಹೌದು ಮಾರಾಯ, ಒಳ್ಳೆ ತಣ್ಣಗುಂಟು."