ಮಾವನ ಗಾಡಿ ಕಾದ ಮಧ್ಯಾಹ್ನ

ಮಾವನ ಭುಜಕ್ಕೆ ಅಂಗಡಿಯ ಯಾವ ಅಂಗಿಯೂ ಹಿಡಿಯುತ್ತಿರಲಿಲ್ಲ. ಗಾಲಿಕುರ್ಚಿಯ ಚಕ್ರವನ್ನು ತಾವೇ ತಿರುಗಿಸಿ ತಿರುಗಿಸಿ ತೋಳು, ಕತ್ತು, ಬೆನ್ನಿನ ಮೇಲ್ಭಾಗವೆಲ್ಲ ಗರಡಿಯವರ ಹಾಗೆ ಉಬ್ಬಿಕೊಂಡಿದ್ದವು. ಸೊಂಟದ ಕೆಳಗೆ ಮಾತ್ರ ಪ್ಯಾಂಟಿನೊಳಗೆ ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಸಣಕಲು. ಅಂಗೈಯಲ್ಲಿ ಚಕ್ರ ಉಜ್ಜಿ ಬಂದ ಗಂಟುಗಳು, ಅವುಗಳ ಮೇಲೆ ವೆಲ್ಡಿಂಗ್ ಕಿಡಿಯ ಚುಕ್ಕೆಗಳು. ಆ ಕೈಯಲ್ಲಿ ನನ್ನ ಕೆನ್ನೆ ಹಿಂಡಿದರೆ ಉಪ್ಪುಕಾಗದ ಉಜ್ಜಿದ ಹಾಗಾಗುತ್ತಿತ್ತು. ನನಗೆ ಮದುವೆಯಾಗಿ ಮಾಲೂರಿಗೆ ಹೋಗಿ, ಒಂದು ಮಗುವಾದ ಮೇಲೂ ಹಿಂಡುವುದನ್ನು ಬಿಟ್ಟಿರಲಿಲ್ಲ.

ಅವರು ನಮ್ಮಮ್ಮನ ತಮ್ಮ. ಮುಳಬಾಗಿಲಿನಲ್ಲಿ ಹೆದ್ದಾರಿ ಪಕ್ಕ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ ಇಟ್ಟಿದ್ದರು. ಒಂದು ದಿನ ಲಾರಿಯ ಮೇಲೆ ನಿಂತು ಹಗ್ಗದ ಕೊಕ್ಕೆ ಬೆಸೆಯುತ್ತಿದ್ದವರು ಕಾಲು ಜಾರಿ, ಬೆನ್ನು ಕೆಳಗಾಗಿ ಬಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಅಂಗಾಲಿನ ಹತ್ತಿರ ಸೂಜಿ ಹಿಡಿದು ನಿಂತಿದ್ದರು. ಮಾವ ಚಾವಣಿ ನೋಡುತ್ತಾ, "ಚುಚ್ಚಿ ಸಾರ್, ಹೇಳ್ತೀನಿ" ಅಂದರು. ಡಾಕ್ಟರು ಆಗಲೇ ಚುಚ್ಚಿಯಾಗಿತ್ತು. ಮಂಚದ ಆ ಕಡೆ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದು ನನಗೆ ಈಗಲೂ ಕಾಣುತ್ತದೆ.

ಮನೆಗೆ ಬಂದ ಮೇಲೆ ಮಾವ ಕೆಲವು ತಿಂಗಳು ಗೋಡೆ ಕಡೆ ತಿರುಗಿ ಮಲಗಿದ್ದರು. ಆಮೇಲೊಂದು ಬೆಳಿಗ್ಗೆ ಅತ್ತೆಯನ್ನು ಕರೆದು, ಗುಜರಿಯಲ್ಲಿ ಅಪಘಾತವಾದ ಹಳೇ ವ್ಯಾನೊಂದಿದೆಯಂತೆ, ಎಳೆಸ್ಕೊಂಡು ಬರೋಣ ಅಂದರು. ಯಾಕೆ ಎಂದು ಕೇಳಿದ್ದಕ್ಕೆ, "ಓಡ್ಸಕ್ಕೆ" ಅಂದರು. ಅತ್ತೆಗೆ ಮೊದಲು ಅಳು, ಆಮೇಲೆ ಸಿಟ್ಟು ಬಂತಂತೆ. ನಮ್ಮಮ್ಮನಿಗೆ ಫೋನ್ ಮಾಡಿ, "ಅತ್ತಿಗೆ, ನಿಮ್ಮ ತಮ್ಮನಿಗೆ ತಲೆ ಕೆಟ್ಟಿದೆ" ಅಂದರು.

ತಲೆ ಕೆಟ್ಟಿರಲಿಲ್ಲ. ಆ ವ್ಯಾನಿನಲ್ಲಿ ಎಂಜಿನ್ ಇದ್ದದ್ದು ಡ್ರೈವರ್ ಸೀಟಿನ ಅಡಿಯಲ್ಲಿ. ಗಾಲಿಕುರ್ಚಿಯಲ್ಲಿ ಕೂತ ಹಾಗೇ ಸ್ಟೇರಿಂಗ್ ಮುಂದೆ ಹೋಗಬೇಕೆಂದರೆ ಸೀಟೂ ಇರಬಾರದು, ಎಂಜಿನ್ನೂ ಇರಬಾರದು. ಮಾವ ಎರಡನ್ನೂ ಕಿತ್ತರು. ಎಂಜಿನ್ನನ್ನು ಹಿಂದಕ್ಕೆ ಒಯ್ದು ಕೂರಿಸಿದರು. ನೆಲ ತಗ್ಗಿಸಿ, ಪಕ್ಕದ ಬಾಗಿಲನ್ನು ಅಗಲ ಮಾಡಿ, ಮಡಚುವ ಇಳಿಜಾರು ಹಲಗೆ ಕಟ್ಟಿದರು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಲ್ಲವನ್ನೂ ಕೈಗೆ ತಂದರು. ಮೇಲೆ ಎತ್ತುವ, ಹಿಡಿಯುವ ಕೆಲಸವನ್ನೆಲ್ಲ ಅತ್ತೆ ಮಾಡಿದರು. "ನಿಂತ್ಕೊಂಡು ಯೋಚ್ನೆ ಮಾಡೋರಿಗೆ ಬೇಗ ಸುಸ್ತಾಗುತ್ತೆ ಕಣಮ್ಮಣ್ಣಿ. ನಂಗೆ ಆ ತೊಂದ್ರೆ ಇಲ್ಲ" ಎಂದು ಮಾವ ನಗುತ್ತಿದ್ದರು. ಸರ್ಕಾರಿ ಕಚೇರಿಗೆ ಅಲೆದು ಅಲೆದು ಕೊನೆಗೆ ಓಡಿಸಲು ಒಪ್ಪಿಗೆಯನ್ನೂ ತಂದರು. ಮೊದಲ ಸಲ ಅವರೇ ಗಾಡಿ ನಡೆಸಿಕೊಂಡು ಬಂದು ನಮ್ಮ ಮನೆಯ ಮುಂದೆ ಹಾರ್ನ್ ಹೊಡೆದಾಗ ಅಮ್ಮ ಕೈಯಲ್ಲಿದ್ದ ಹಿಪ್ಪುನೇರಳೆ ಸೊಪ್ಪಿನ ಪುಟ್ಟಿಯನ್ನು ಅಲ್ಲೇ ಬಿಟ್ಟು ಬೀದಿಗೆ ಓಡಿದ್ದಳು.

ಗಾಡಿಗೆ ಇದ್ದ ರೋಗ ಒಂದೇ, ಅದು ಕಾಯುತ್ತಿತ್ತು. ಎಂಜಿನ್ ಹಿಂದೆ ಹೋದ ಮೇಲೆ ರೇಡಿಯೇಟರೂ ಹಿಂದೆ ಹೋಗಿತ್ತು. ಮುಂದೆ ಇದ್ದಿದ್ದರೆ ಓಡುವಾಗ ಎದುರುಗಾಳಿ ಬಂದು ನೀರನ್ನು ತಣಿಸುತ್ತಿತ್ತು, ಹಿಂದೆ ಎಲ್ಲಿಯ ಗಾಳಿ? ಊರೊಳಗೆ ಚೆನ್ನಾಗಿ ಓಡುವ ಗಾಡಿ ನಂಗಲಿ ಕಡೆಯ ಏರು ಬಂದರೆ ಸಾಕು, ಬಿಸಿ ತೋರಿಸುವ ಮುಳ್ಳನ್ನು ಕೆಂಪಿಗೆ ಏರಿಸಿಬಿಡುತ್ತಿತ್ತು. ಮಾವ ದೊಡ್ಡ ರೇಡಿಯೇಟರ್ ತಂದು ಹಾಕಿದರು, ಕಾಯಿತು. ಜೋರಾಗಿ ತಿರುಗುವ ಫ್ಯಾನ್ ಹಾಕಿದರು, ಆಗಲೂ ಕಾಯಿತು. ನೀರಿನ ಪೈಪಿನ ಬಾಗುಗಳಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಎಲ್ಲವನ್ನೂ ಬಿಚ್ಚಿ, ಗಾಳಿ ಹೊರಬರಲು ಒಂದು ತಿರುಪು ಇಟ್ಟರು. ಸ್ವಲ್ಪ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಫೋನಿನಲ್ಲಿ ನನ್ನ ಮಗುವಿನ ಜ್ವರದ ಬಗ್ಗೆ ವಿಚಾರಿಸಿದ ಧಾಟಿಯಲ್ಲೇ ತಮ್ಮ ಗಾಡಿಯ ಬಿಸಿಯ ಬಗ್ಗೆಯೂ ಹೇಳುತ್ತಿದ್ದರು.

ಆಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. ಚಳಿ ದೇಶದ ಕಾರುಗಳಲ್ಲಿ ಒಳಗೆ ಕೂತವರನ್ನು ಬೆಚ್ಚಗಿಡಲು ಎಂಜಿನ್ನಿನ ಬಿಸಿನೀರನ್ನೇ ಸಣ್ಣದೊಂದು ರೇಡಿಯೇಟರಿಗೆ ಹರಿಸುತ್ತಾರೆ. ಅಂಥದ್ದೊಂದನ್ನು ಗುಜರಿಯಿಂದ ತಂದು ತಮ್ಮ ಕಾಲಿಡುವ ತಗಡಿನ ಕೆಳಗೆ ಕೂರಿಸಿ, ಪೈಪಿಗೆ ನಲ್ಲಿ ಇಟ್ಟರು. ನಲ್ಲಿ ತಿರುಗಿಸಿದರೆ ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಇಲ್ಲಿಗೆ ಬರುತ್ತದೆ, ಎಂಜಿನ್ ತಣ್ಣಗಾಗುತ್ತದೆ.

"ಕಾಲ ಕೆಳಗಾ?" ಎಂದು ಅತ್ತೆ ಗದರಿದರು.

"ಬೇರೆ ಎಲ್ಲಿ ಜಾಗ ಇದೆ ತೋರ್ಸು. ತುರ್ತು ಬಂದ್ರೆ ಮಾತ್ರ ತಿರುಗ್ಸೋದು. ಮೇಲೊಂದು ಮರದ ಹಲಗೆ ಹಾಕ್ತೀನಿ, ಬಿಡು."

ಹಲಗೆ ಹಾಕುವ ಮೊದಲೇ ತುರ್ತು ಬಂತು.

ಮಾವಿನಹಣ್ಣಿನ ಕಾಲ. ನಾನು ಮಗುವನ್ನು ಗಂಡನ ಹತ್ತಿರ ಬಿಟ್ಟು ನಂಗಲಿ ಹತ್ತಿರದ ನಮ್ಮ ಹಳ್ಳಿಗೆ, ತೌರಿಗೆ ಬಂದಿದ್ದೆ. ಅಪ್ಪ ಟೊಮ್ಯಾಟೊ ತುಂಬಿಸಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗಿದ್ದರು. ನನಗೆ ತೋರಿಸಬೇಕೆಂದು ಮಾವ ಒಬ್ಬರೇ ಗಾಡಿ ಓಡಿಸಿಕೊಂಡು ಬಂದಿದ್ದರು. ಊಟ ಮುಗಿಸಿ ಜಗಲಿಯಲ್ಲಿ ಮಾತಾಡುತ್ತಿದ್ದಾಗ ಅಮ್ಮ ತಟ್ಟೆ ಎತ್ತಲು ಬಗ್ಗಿದವಳು ಹಾಗೇ ಕೂತಳು. ದವಡೆ ಹಿಡಿದುಕೊಂಡಳು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ಎದೆ ಮೇಲೆ ಯಾರೋ ಕೂತ್ಕೊಂಡಂಗದೆ" ಅಂದಳು.

ಅಂಬುಲೆನ್ಸಿಗೆ ಫೋನ್ ಮಾಡಿದೆ. ಇನ್ನೊಂದು ಕಡೆಗೆ ಹೋಗಿದೆ, ಬರುವುದು ತಡವಾಗುತ್ತದೆ ಅಂದರು. ಊರಲ್ಲಿದ್ದ ಕಾರುಗಳೆಲ್ಲ ಯಾರದೋ ಮದುವೆಗೆ ಹೋಗಿದ್ದವು. ನಾನು ಫೋನ್ ಹಿಡಿದು ಬೀದಿಯಲ್ಲಿ ಅತ್ತಿತ್ತ ಓಡುತ್ತಿದ್ದರೆ ಮಾವ ಕೂಗಿದರು, "ಲೇ ಅಮ್ಮಣ್ಣಿ, ನಂದೇನು ಗಾಡಿ ಅಲ್ವಾ? ಅಕ್ಕನ್ನ ಹತ್ಸು!"

ಪಕ್ಕದ ಮನೆಯ ಹೆಂಗಸರು ಅಮ್ಮನನ್ನು ಎತ್ತಿ ಹಿಂದಿನ ಬೆಂಚಿನ ಮೇಲೆ ಮಲಗಿಸಿದರು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಾವ ಹೆದರಿದಾಗ ಬಾಯಲ್ಲಿ ತೆಲುಗು ಬರುತ್ತಿತ್ತು. ಅವತ್ತು ದಾರಿಯುದ್ದಕ್ಕೂ ತೆಲುಗೇ. "ಏಮೀ ಕಾದಕ್ಕಾ, ಏಮೀ ಕಾದು" ಅನ್ನುತ್ತಲೇ ಇದ್ದರು. ಏನೂ ಆಗಲ್ಲ ಅಕ್ಕ, ಏನೂ ಆಗಲ್ಲ.

ಹೆದ್ದಾರಿಗೆ ಬಂದ ಸ್ವಲ್ಪ ಹೊತ್ತಿಗೇ ಏರು ಸಿಕ್ಕಿತು. ಮುಂದೆ ಲಾರಿಗಳ ಸಾಲು. ನೆತ್ತಿಯ ಮೇಲೆ ಬಿಸಿಲು. ಬೆನ್ನ ಹಿಂದೆ ಎಂಜಿನ್ನಿನ ಸದ್ದು ಬೇರೆಯಾಯಿತು. ಕನ್ನಡಿಯಲ್ಲಿ ಮಾವನ ಕಣ್ಣು ಮುಳ್ಳಿನ ಮೇಲೆ ಹೋಗಿ ಅಲ್ಲೇ ನಿಂತದ್ದನ್ನು ನೋಡಿದೆ. ಅವರು ಬಗ್ಗಿ ಏನನ್ನೋ ತಿರುಗಿಸಿದರು. ಎಂಜಿನ್ನಿನ ಏದುಸಿರು ನಿಧಾನವಾಗಿ ಇಳಿಯಿತು. ಆಮೇಲೆ ಗಾಡಿಯೊಳಗೆ ರಬ್ಬರ್ ಸುಟ್ಟ ವಾಸನೆ ಬಂತು.

"ಮಾವ, ಏನೋ ಸುಡ್ತಾ ಇದೆ."

"ಬೆಲ್ಟು ಇರ್ಬೇಕು. ನೀನು ಅಮ್ಮನ್ನ ನೋಡ್ಕೋ."

ವಾಸನೆ ಹೆಚ್ಚಾಯಿತು, ಆಮೇಲೆ ಅದು ರಬ್ಬರಿನದು ಮಾತ್ರ ಅನಿಸಲಿಲ್ಲ. ನಾನು ಮತ್ತೆ ಕೇಳಲಿಲ್ಲ. ಅಮ್ಮನ ತುಟಿ ನೀಲಿಯಾಗುತ್ತಿತ್ತು.

ಮುಳಬಾಗಿಲಿನ ಆಸ್ಪತ್ರೆಯವರು ಅಮ್ಮನನ್ನು ಸ್ಟ್ರೆಚರಿನಲ್ಲಿ ಒಳಗೆ ಒಯ್ದು ಕೂಡಲೇ ಇಂಜೆಕ್ಷನ್ ಕೊಟ್ಟರು. ಹೃದಯಾಘಾತ, ಸರಿಯಾದ ಹೊತ್ತಿಗೆ ಬಂದಿದ್ದೀರಿ, ಕೋಲಾರಕ್ಕೆ ಕಳಿಸುತ್ತೇವೆ ಅಂದರು. ಆ ಮಾತನ್ನು ಹೇಳಲು ನಾನು ಗಾಡಿಯ ಹತ್ತಿರ ಓಡಿ ಬಂದೆ. ಮಾವ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

"ಉಳೀತಾಳಂತೆ ಮಾವ!"

ಅವರು ಕಣ್ಣು ಮುಚ್ಚಿ ತೆರೆದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅಮ್ಮಣ್ಣಿ, ಸ್ವಲ್ಪ ಈ ಬೂಟು ಬಿಚ್ತೀಯಾ?" ಅಂದರು.

ನಾನು ಬಗ್ಗಿದೆ. ಕ್ಯಾನ್ವಾಸ್ ಬೂಟಿನ ತಳ ಕರಗಿ ತಗಡಿಗೆ ಅಂಟಿತ್ತು. ಎಳೆದೆ. ಬೂಟು ಬಂತು, ಅದರ ಜೊತೆ ಅಂಗಾಲಿನ ಚರ್ಮವೂ ಬಂತು. ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಸುತ್ತ ಜನ ಓಡಾಡುತ್ತಿದ್ದರು, ಯಾರೋ ಎಳನೀರು ಮಾರುತ್ತಿದ್ದ. ತಲೆಯೆತ್ತಿ ನೋಡಿದರೆ ಮಾವ ತಮ್ಮ ಕಾಲನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

"ನಿನ್ ಮುಖ ನೋಡಿದ್ರೆ ಜೋರಾಗೇ ಆಗಿರ್ಬೇಕು" ಅಂದರು. "ಆ ಇನ್ನೊಂದನ್ನ ನೀನು ಬಿಚ್ಬೇಡ. ಯಾರನ್ನಾದ್ರೂ ಕರಿ."

ಕಾಲು ಸುಡುತ್ತಿರುವುದು ಅವರಿಗೆ ದಾರಿಯಲ್ಲೇ ಗೊತ್ತಿತ್ತು. ಎಷ್ಟೋ ದಿನವಾದ ಮೇಲೆ ನಾನು ಕೇಳಿದೆ, ಗೊತ್ತಿದ್ದೂ ಯಾಕೆ ನಿಲ್ಲಿಸಲಿಲ್ಲ, ಕಾಲನ್ನಾದರೂ ಎತ್ತಿ ಪಕ್ಕಕ್ಕೆ ಇಡಬಹುದಿತ್ತಲ್ಲ ಎಂದು. "ಎತ್ತಕ್ಕೆ ಕೈ ಬೇಕಲ್ಲಮ್ಮಾ. ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಗೇರಿಗೆ, ಕ್ಲಚ್ಚಿಗೆ. ನಿಲ್ಸಿದ್ರೆ ಆ ಎಂಜಿನ್ನು ಮತ್ತೆ ಶುರು ಆಗ್ತಿರ್ಲಿಲ್ಲ" ಅಂದರು.

ಅರಿವಿಲ್ಲದ ಕಾಲಿನ ಗಾಯ ಮಾಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎಡಗಾಲು ಹೇಗೋ ಒಣಗಿತು. ಬಲಗಾಲಿಗೆ ಕೀವು ಏರುತ್ತಾ ಹೋಗಿ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅಮ್ಮ ಆ ಹೊತ್ತಿಗೆ ಎದೆಯ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದಳು. ವಿಷಯ ತಿಳಿದ ದಿನ ಅವಳು ಅಳಲಿಲ್ಲ. ತಮ್ಮನ ಮನೆಗೆ ಹೋದರೆ ಅವನ ಮುಖ ನೋಡಿ ಮಾತಾಡುವಳು, ಮೊಣಕಾಲಿನ ಕೆಳಗೆ ಕಣ್ಣು ಹಾಯಿಸುತ್ತಿರಲಿಲ್ಲ.

ಇಷ್ಟಾದ ಮೇಲೆ ಗಾಡಿಯನ್ನು ಗುಜರಿಗೆ ಕೊಡುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅತ್ತೆ ಮಾತಾಡಿಯೂ ಬಂದಿದ್ದರು. ಒಂದು ಭಾನುವಾರ ಮುಳಬಾಗಿಲಿಗೆ ಹೋದರೆ ಮಾವ ಅಂಗಳದಲ್ಲಿ ಗಾಡಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಎಂಜಿನ್ ಓಡುತ್ತಿದೆ, ಕೈಯಲ್ಲಿ ಸಾಂಬ್ರಾಣಿ ಹೊಗೆಯ ಧೂಪದಾನಿ! ಗಾಡಿಗೆ ಆರತಿ ಎತ್ತುತ್ತಿದ್ದಾರೇನೋ ಎಂದು ಒಂದು ಕ್ಷಣ ದಿಗಿಲಾಯಿತು.

"ಬಾ ಅಮ್ಮಣ್ಣಿ, ಇಲ್ನೋಡು ಇದರ ಕಳ್ಳಾಟ."

ನೋಡಿದೆ. ಫ್ಯಾನು ಹೊಗೆಯನ್ನು ರೇಡಿಯೇಟರಿನಿಂದ ಎಳೆದು ಹೊರಗೆ ದಬ್ಬುತ್ತಿತ್ತು. ಹೊರಬಂದ ಹೊಗೆ ದೂರ ಹೋಗದೆ ಗಾಡಿಯ ಹೊಟ್ಟೆಯ ಕೆಳಗೆ ಸುತ್ತಿ, ಪಕ್ಕದ ಸಂದಿನಿಂದ ಮತ್ತೆ ಒಳಗೇ ಬರುತ್ತಿತ್ತು. ಎಂಜಿನ್ ತಾನು ಬಿಟ್ಟ ಬಿಸಿ ಉಸಿರನ್ನೇ ತಾನು ಎಳೆದುಕೊಳ್ಳುತ್ತಿತ್ತು. ದೊಡ್ಡ ರೇಡಿಯೇಟರ್, ಜೋರು ಫ್ಯಾನು ಎಲ್ಲ ಹಾಕಿದರೂ ಅದೇ ಬಿಸಿಗಾಳಿಯೇ ಗಿರಗಿರ ಸುತ್ತುತ್ತಿತ್ತು.

ಒಂದು ಚಿಟಿಕೆ ಸಾಂಬ್ರಾಣಿ! ಅದನ್ನು ಆ ಮಧ್ಯಾಹ್ನಕ್ಕಿಂತ ಮೊದಲು ಉರಿಸಿದ್ದಿದ್ದರೆ ಆ ಕಾಲು ಉಳಿಯುತ್ತಿತ್ತು. ಅತ್ತೆಗೂ ಅದೇ ತೋಚಿರಬೇಕು, ಒಳಗೆ ಹೋಗಿಬಿಟ್ಟರು. ಮಾವನಿಗೆ ಮಾತ್ರ ಆ ಕಡೆ ಯೋಚನೆಯೇ ಹೋದಂತಿರಲಿಲ್ಲ. ಅವರ ಕಣ್ಣು ಹೊಳೆಯುತ್ತಿದ್ದವು. "ತಗಡು ಕತ್ತರಿಸ್ಬೇಕು, ಹಿಡ್ಕೋ ಬಾ" ಅಂದರು.

ಬಿಸಿಗಾಳಿ ಹಿಂದಿರುಗದಂತೆ ರೇಡಿಯೇಟರಿನ ಸುತ್ತ ತಗಡಿನ ಗೋಡೆ ಕಟ್ಟಿದೆವು. ತಣ್ಣನೆಯ ಗಾಳಿ ಮೇಲಿಂದ ಬರಲೆಂದು ಗಾಡಿಯ ತಲೆಯ ಮೇಲೆ ಮೊರದ ಆಕಾರದ ಬಾಯಿಯೊಂದನ್ನು ಇಟ್ಟೆವು. ಸ್ವಲ್ಪ ಹೊತ್ತಿಗೆ ಅತ್ತೆಯೂ ಹೊರಗೆ ಬಂದು ತಗಡಿನ ಇನ್ನೊಂದು ತುದಿ ಹಿಡಿದರು. ಕಾಲ ಕೆಳಗಿನ ಆ ಸಣ್ಣ ರೇಡಿಯೇಟರನ್ನು ಅತ್ತೆಯೇ ಸುತ್ತಿಗೆಯಿಂದ ಒಡೆದು ಕಿತ್ತರು. ಮಾವ ತಡೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ಅತ್ತೆಯನ್ನು ಕೂರಿಸಿಕೊಂಡು ಶ್ರೀನಿವಾಸಪುರಕ್ಕೆ ಮಾವಿನಹಣ್ಣು ತರಲು ಹೋದರು. ಅಲ್ಲಿಂದಲೇ ಫೋನ್ ಮಾಡಿ, "ಮುಳ್ಳು ಅಲ್ಲಾಡಿಲ್ಲ ಕಣೇ! ನಡು ಮಧ್ಯಾಹ್ನ! ನಿಂಗೆ ಒಂದು ಪುಟ್ಟಿ ಹಣ್ಣು ತಗೊಂಡಿದ್ದೀನಿ, ಭಾನುವಾರ ಬಾ" ಅಂದರು.

ಭಾನುವಾರದವರೆಗೆ ಅವರು ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಮಾಲೂರಿನ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಹೋಗಲು ರೈಲಿಗೆ ಕಾಯುತ್ತಿದ್ದಾಗ ಅತ್ತೆಯ ಫೋನ್ ಬಂತು. ಹಿಂದಿನ ದಿನ ಚಳಿಜ್ವರ ಬಂದಿತ್ತಂತೆ. ಮೂತ್ರದ ಸೋಂಕು ರಕ್ತಕ್ಕೆ ಹೋಗಿದೆ ಅಂದರಂತೆ ಡಾಕ್ಟರು. ಸೊಂಟ ಸತ್ತವರಿಗೆ ಅದು ಎಷ್ಟು ಹೊತ್ತಿಗಾದರೂ ಬರಬಹುದಂತೆ. "ಹೋದ್ರು ಕಣೇ" ಅಂದರು ಅತ್ತೆ, ಇನ್ನೂ ನಂಬಿಕೆಯಾಗದವರ ದನಿಯಲ್ಲಿ. ರೈಲು ಬಂತು, ಜನ ಹತ್ತಿದರು, ಹೊರಟಿತು. ನಾನು ಹತ್ತದೆ ಅಲ್ಲೇ ನಿಂತಿದ್ದೆ.

ಮಾವನನ್ನು ಅಂಗಳದಲ್ಲಿ ಮಲಗಿಸಿ ನೀರು ಹಾಕಿ ಮೈ ತೊಳೆದರು. ಹೊಸ ಪಂಚೆ ಹೊದಿಸುವಾಗ ಅಮ್ಮ ಎದ್ದು ಬಂದಳು. ಉಳಿದಿದ್ದ ಆ ಒಂದೇ ಪಾದದ ಹತ್ತಿರ ಕೂತು, ಹೊದಿಕೆ ಸರಿಸಿ, ಅಂಗಾಲಿನಲ್ಲಿ ಸುಟ್ಟು ಸುಕ್ಕುಗಟ್ಟಿದ ಚರ್ಮವನ್ನು ಬಹಳ ಹೊತ್ತು ನೋಡಿದಳು. ಆವರೆಗೆ ಅವಳು ಅದನ್ನು ನೋಡಿರಲಿಲ್ಲ. ಆಮೇಲೆ ಅದರ ಮೇಲೆ ಹಣೆಯಿಟ್ಟಳು.

ಸುತ್ತ ನಿಂತವರೆಲ್ಲ ಹೌಹಾರಿದರು. ಹಿರಿಯರೊಬ್ಬರು ಅವಳ ತೋಳು ಹಿಡಿದು, "ಏನಮ್ಮಾ ಇದು! ತಮ್ಮ ಅವನು. ಹಿರಿಯಳು ನೀನು, ಅವನ ಕಾಲಿಗೆ ಬೀಳಬಾರದು" ಅಂದರು.

ಅಮ್ಮ ತಲೆಯೆತ್ತಲಿಲ್ಲ.

"ಬಿಡಣ್ಣಾ" ಅಂದಳು. "ನಾನು ಉಸಿರಾಡ್ತಿರೋದು ಈ ಕಾಲಿಂದ."