ಕೂಸಿಲ್ಲದ ಬಾಣಂತನ

ಅಮ್ಮನ ಮುಖ ಈಗ ನನಗೆ ನೆನಪಿಗೆ ಬರುವುದಿಲ್ಲ. ಬರುವುದು ಮನೆಯಲ್ಲಿರುವ ಒಂದೇ ಫೋಟೋದ ಮುಖ, ಅದು ನೆನಪಲ್ಲ. ಹೊಟ್ಟೆ ಮಾತ್ರ ಬರುತ್ತದೆ. ಆರು ಹೆತ್ತ ಹೊಟ್ಟೆ, ಕೂತರೆ ಜೋತುಬಿದ್ದು ತೊಡೆಯ ಮೇಲೆ ಮಲಗುತ್ತಿತ್ತು. ಹೊಕ್ಕುಳಿನ ಜಾಗದಲ್ಲಿ ಕಿತ್ತಳೆಯಷ್ಟು ದೊಡ್ಡ ಗಂಟು. ಕೆಮ್ಮಿದರೆ ಹೊರಗೆ ಉಬ್ಬುವುದು, ಅಂಗಾತ ಮಲಗಿದರೆ ಒಳಗೆ ಸರಿಯುವುದು. ಬೇಸಿಗೆಯಲ್ಲಿ ಮಡಿಕೆಯ ಅಡಿಯ ಚರ್ಮ ಬೆಂದು ನೀರೊಸರುತ್ತಿತ್ತು. ಅಲ್ಲಿಗೆ ಅಪ್ಪನ ಹಳೇ ಪಂಚೆಯ ಚೂರು ಸಿಕ್ಕಿಸಿಕೊಂಡು ಅಮ್ಮ ಹಿಪ್ಪುನೇರಳೆ ಸೊಪ್ಪು ಹೊರುತ್ತಿದ್ದಳು.

ನಮ್ಮೂರು ಸಾದಲಿಯ ಹತ್ತಿರ. ಮನೆ ಪಾಲಾಗಿ, ನಡುವೆ ಗೋಡೆ ಎದ್ದು, ಆಚೆ ಚಿಕ್ಕಪ್ಪ ಚಿಕ್ಕಮ್ಮ, ಈಚೆ ನಾವು. ರೇಷ್ಮೆಹುಳು ಸಾಕುವ ಕೋಣೆ ಮಾತ್ರ ಎರಡು ಮನೆಗೂ ಒಂದೇ.

ಕೊನೆಯ ತಮ್ಮ ಹುಟ್ಟಿದ ಐದನೆಯ ದಿನ ಅಪ್ಪ ಜ್ವರದಲ್ಲಿ ತೀರಿಕೊಂಡರು. ಏಳನೆಯ ದಿನವೋ ಏನೋ. ಸಾವಿನ ಮನೆಯಲ್ಲಿ ಬಾಣಂತಿಗೆ ಬಿಸಿನೀರು ಎರೆಯಲು ಯಾರಿಗೂ ತೋಚಲಿಲ್ಲ, ಹೊಟ್ಟೆಗೆ ಬಟ್ಟೆ ಬಿಗಿಯಲು ಯಾರ ಕೈಯೂ ಬರಲಿಲ್ಲ. ಅಮ್ಮನ ತಾಯಿ, ಗೌರಿಬಿದನೂರಿನ ಕಡೆಯ ನಮ್ಮಜ್ಜಿ, ಆಮೇಲೆ ಸಾಯುವವರೆಗೂ ಹೇಳಿದ್ದು ಇದೊಂದನ್ನೇ: ಆ ಸಲ ಹೊಟ್ಟೆ ಕಟ್ಟಲಿಲ್ಲ, ಅದಕ್ಕೇ ಅದು ಇಳಿಯಲಿಲ್ಲ.

ಮೂರು ವರ್ಷವಾದರೂ ಇಳಿಯಲಿಲ್ಲ. ಚಿಂತಾಮಣಿಯ ಸಂತೆಯಲ್ಲಿ ಟೊಮೆಟೊ ಮಾರುವವಳೊಬ್ಬಳು ಅಮ್ಮನ ಸೆರಗಿನ ಕೆಳಗೆ ನೋಡಿ, ಎಷ್ಟನೇ ತಿಂಗಳು ಎಂದು ತೆಲುಗಿನಲ್ಲಿ ಕೇಳಿದಳು. "ಎನ್ನೋ ನೆಲಮ್ಮಾ?" ನಗುತ್ತಲೇ ಕೇಳಿದ್ದು. ಆಮೇಲೆ ಅವಳ ಕಣ್ಣು ಅಮ್ಮನ ಬರಿದಾದ ಹಣೆಗೆ ಹೋಯಿತು. ತಕ್ಕಡಿಗೆ ಇನ್ನೆರಡು ಹಣ್ಣು ಹಾಕಿ, ಅಮ್ಮನ ಚೀಲಕ್ಕೆ ಸುರಿದಳು.

ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಅಮ್ಮ ಹಟ ಹಿಡಿದದ್ದು ಆ ವಾರವೇ. ಗಂಟು ನೋಯುತ್ತದೆ ಎಂದು ಚಿಕ್ಕಪ್ಪನಿಗೆ ಹೇಳಿದಳು. ನೋವಿಗಾಗಿ ಅಲ್ಲ ಎಂದು ನನಗೆ ಗೊತ್ತಿತ್ತು.

"ಹೊಟ್ಟೆ ಕುಯ್ಸ್ಕೊಳಕ್ಕೆ ಯಾರಾದ್ರೂ ಅವರಾಗೇ ಹೋಗ್ತಾರ ಅತ್ತಿಗಮ್ಮ?" ಎಂದರು ಚಿಕ್ಕಪ್ಪ.

"ನಾನೋಗ್ತೀನಪ್ಪ. ಹೊತ್ತಿರೋಳು ನಾನಲ್ವಾ."

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸಣ್ಣ ರೈಲಿನಲ್ಲಿ ಹೋದೆವು: ಅಮ್ಮ, ಅಜ್ಜಿ, ಹದಿಮೂರು ವರ್ಷದ ನಾನು. ನನಗೆ ಓದು ಬರುತ್ತಿತ್ತು, ಅದಕ್ಕೇ ಕರೆದುಕೊಂಡು ಹೋದರು. ಡಾಕ್ಟರಮ್ಮ ಗಂಟನ್ನು ಒಳಗೆ ತಳ್ಳಿ ಹೊಲಿದು, ಜೋತುಬಿದ್ದ ಚರ್ಮವನ್ನೂ ಕತ್ತರಿಸಿ ತೆಗೆದರಂತೆ. ತೆಗೆದದ್ದನ್ನು ನಾನು ಬಿಳಿ ಬೇಸಿನ್ನಿನಲ್ಲಿ ನೋಡಿದ್ದೇನೆ. ಕೋಳಿಯ ಕೊಬ್ಬಿನ ಹಾಗೆ ಹಳದಿ. ಆದರೆ ಮಗುವಿಗೆ ಅಂಥದ್ದನ್ನು ಯಾರು ತೋರಿಸುತ್ತಾರೆ? ನೋಡಿರಲಾರೆ. ಅಜ್ಜಿ ಕೇಳಿದ ಪ್ರಶ್ನೆಯಿಂದ ಆ ಬೇಸಿನ್ ಹುಟ್ಟಿರಬೇಕು. ಹೆರಿಗೆಯಾದ ಮೇಲೆ ಮಾಸು ಹೂಳುವ ಹಾಗೆ, "ಅದನ್ನ ಎಲ್ಲಿ ಹೂತ್ರವ್ವ?" ಎಂದು ಅವಳು ನರ್ಸನ್ನು ಕೇಳಿದಳು. ನರ್ಸು ನಕ್ಕುಬಿಟ್ಟಳು.

ಎಂಟನೆಯ ದಿನವೇ ಊರಿಗೆ ಹೊರಟೆವು. ಹೊಲಿಗೆ ಬಿಚ್ಚಿರಲಿಲ್ಲ. ಹುಳು ಗೂಡು ಕಟ್ಟುವ ಹೊತ್ತು ಹತ್ತಿರವಾಯಿತು, ಮನೆಯಲ್ಲಿ ಕೈ ಸಾಲದು ಎಂದು ಚಿಕ್ಕಪ್ಪ ಹೇಳಿಕಳಿಸಿದ್ದರು. ವಾರಕ್ಕೆ ತಿರುಗಿ ಬನ್ನಿ ಎಂದರು ಡಾಕ್ಟರಮ್ಮ. ಅಜ್ಜಿ ಎಲೆಯಡಿಕೆ ಉಗುಳಲು ಹೊರಗೆ ಹೋಗಿದ್ದಾಗ ನರ್ಸು ನನ್ನನ್ನು ಕೂರಿಸಿಕೊಂಡು ಹೇಳಿದಳು, ನಾನು ಚೀಟಿಯಲ್ಲಿ ಬರೆದುಕೊಂಡೆ.

"ನೆಟ್ಟಗೆ ನಿಲ್ಲಕ್ಕೆ ಹೋಗಬಾರ್ದು. ಮುದುಕಿ ಥರ ಬಗ್ಗಿ ನಡೀಲಿ. ಕೆಮ್ಮು ಬಂದ್ರೆ ದಿಂಬು ಅಪ್ಕೊಳ್ಳಲಿ. ಹೊಟ್ಟೆ ತಿಂಗಳುಗಟ್ಲೆ ಮರಗಟ್ಟಿದಂಗಿರುತ್ತೆ, ಮುಟ್ಟಿದ್ರೂ ಗೊತ್ತಾಗಲ್ಲ, ಹೆದರ್ಕೋಬೇಡಿ. ನಿಮ್ಮಮ್ಮನ್ನ ನಗಿಸಬೇಡ ಕಣಮ್ಮ, ಹೊಲಿಗೆ ಎಳೆಯುತ್ತೆ."

"ನಮ್ಮಮ್ಮ ನಗಲ್ಲ."

"ಒಳ್ಳೇದೇ ಆಯ್ತು ಬಿಡು. ನೀರು ಮಾತ್ರ ಸೋಕಬಾರ್ದು, ಒಂದು ಹನೀನೂ. ನಾವು ಕಟ್ಟಿರೋ ಪಟ್ಟಿ ಬಿಚ್ಚಿ ಬೇರೆ ಏನೂ ಕಟ್ಟಬೇಡಿ. ಬರಕೊಂಡ್ಯಾ?"

ಬರೆದುಕೊಂಡೆ.

ಮಾರನೆಯ ಬೆಳಿಗ್ಗೆ ಬಚ್ಚಲಿನ ಹಂಡೆಗೆ ಉರಿ ಹಾಕಿದ್ದು ಅಜ್ಜಿ. ಅಮ್ಮನನ್ನು ಮಣೆಯ ಮೇಲೆ ಕೂರಿಸಿ ಪಟ್ಟಿ ಬಿಚ್ಚಿದಳು. "ಆವತ್ತು ತಪ್ಪೋಯ್ತು ನನ್ ತಾಯಿ. ಈಗ ಮಾಡಣ. ಒಂದೂ ಬಿಡಲ್ಲ ನಾನು." ಮೈಗೆ ಎಣ್ಣೆ, ಅರಿಸಿನ, ಚೊಂಬಿನ ಮೇಲೆ ಚೊಂಬು ಸುಡುವ ನೀರು. ಆಮೇಲೆ ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ, ಕೂದಲಿಗೆ ಸಾಂಬ್ರಾಣಿ ಹೊಗೆ, ಊಟಕ್ಕೆ ಬೆಳ್ಳುಳ್ಳಿ ಮೆಣಸಿನ ಸಾರು. ಕೊನೆಗೆ ಹಳೆಯ ನೂಲಿನ ಸೀರೆ ಉದ್ದಕ್ಕೆ ಮಡಿಸಿ ಹೊಟ್ಟೆಗೆ ಸುತ್ತಿ, ಒಂದು ತುದಿ ನನ್ನ ಕೈಗೆ ಕೊಟ್ಟು, "ಎಳಿಯೇ" ಎಂದಳು. ಎಳೆದೆ. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

ಚೀಟಿಯನ್ನು ಓದಿ ಹೇಳಿದೆನೇ? ಹೇಳಿದೆ ಎನ್ನುತ್ತದೆ ನೆನಪು. "ಐದು ಬಾಣಂತನ ಮಾಡಿರೋಳಿಗೆ ಆ ನರ್ಸು ಹುಡುಗಿ ಹೇಳ್ಕೊಡ್ತಾಳಾ?" ಎಂದು ಅಜ್ಜಿ ಅಂದದ್ದೂ ಕೇಳಿಸುತ್ತದೆ. ಆದರೆ ಅಂಥ ಮಾತನ್ನು ಅಜ್ಜಿ ಬೇರೆ ಎಷ್ಟೋ ಸಲ ಬೇರೆ ಯಾರಿಗೋ ಅಂದಿದ್ದಾಳೆ. ಅದನ್ನು ತಂದು ಇಲ್ಲಿ ಅಂಟಿಸಿಕೊಂಡಿರಬಹುದು. ಚೀಟಿ ಎಷ್ಟೋ ತಿಂಗಳ ಮೇಲೆ ನನ್ನ ಪಠ್ಯಪುಸ್ತಕದಲ್ಲಿ ಸಿಕ್ಕಿತು, ಆಸ್ಪತ್ರೆಯಲ್ಲಿ ಮಡಿಸಿದ ಹಾಗೆಯೇ, ನಾಲ್ಕು ಮಡಿಕೆ. ಹಂಡೆಯಿಂದ ನೀರು ತೋಡಿಕೊಟ್ಟವಳು ನಾನು. ಅದರಲ್ಲಿ ಅನುಮಾನವಿಲ್ಲ.

ಮೂರು ದಿನ ಹೀಗೆಯೇ ನಡೆಯಿತು. ಬಾಣಂತಿಯ ಮನೆ ಎಂದು ಬೀದಿಯಲ್ಲಿ ಹೋಗುವವರಿಗೆ ಹೇಳಬೇಕಾಗಿರಲಿಲ್ಲ, ಹೊಗೆಯೇ ಹೇಳುತ್ತಿತ್ತು. ಗೋಡೆಯಾಚೆಗೂ ಹೇಳಿತು. ಮೂರನೆಯ ದಿನ ಅಮ್ಮ ಬಗ್ಗಿಕೊಂಡೇ ಹುಳುವಿನ ಕೋಣೆಗೆ ನಡೆದಳು. ಚಿಕ್ಕಮ್ಮ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಕೆಲಸಕ್ಕೆ ಬಂದ ಇಬ್ಬರು ಹೆಂಗಸರಿದ್ದರು.

"ಪುರುಡು ಕಳ್ದ್ ಮೇಲೆ ಬಾಕ್ಕ. ಹುಳ ಮುಟ್ಬೇಡ, ಕೆಟ್ಟೋಗ್ತವೆ."

"ಯಾವ ಪುರುಡೇ?"

"ಬಾಣಂತಿ ನೀರು ಹಾಕ್ಕೊಂಡು ಯಾವ ಪುರುಡು ಅಂತ ನನ್ನ ಕೇಳ್ತೀಯ?"

ಹೆರಿಗೆಯ ಮೈಲಿಗೆ ದಾಯಾದಿಗಳಿಗೂ ತಗಲುತ್ತದೆ. ನಮಗೆ ಪುರುಡು ಬಂದರೆ ಚಿಕ್ಕಮ್ಮನಿಗೂ ಬರಬೇಕು, ಅವಳೂ ಹುಳು ಮುಟ್ಟಬಾರದು. ಅವಳು ಮುಟ್ಟುತ್ತಲೇ ಇದ್ದಳು. ಎಂದರೆ ಅವಳ ಪ್ರಕಾರ ಆ ಕೂಸು ಈ ವಂಶದ್ದಲ್ಲ. ಇದು ನನಗೆ ತಿಳಿಯಲು ವರ್ಷಗಳು ಹಿಡಿದವು. ಅಮ್ಮನಿಗೆ ಅಲ್ಲೇ ತಿಳಿಯಿತು. ಸೀರೆ ಸರಿಸಿ, ಅಜ್ಜಿ ಕಟ್ಟಿದ್ದನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಬಟ್ಟೆಯ ಕೊನೆಯ ಸುತ್ತು ಚರ್ಮಕ್ಕೆ ಅಂಟಿತ್ತು; ಅದನ್ನೂ ಕಿತ್ತಳು. ಸೊಂಟದಿಂದ ಸೊಂಟದವರೆಗೆ ಕಪ್ಪು ದಾರದ ಹೊಲಿಗೆ, ನಡುವೆ ಎರಡು ಕಡೆ ಬಾಯಿ ಬಿಟ್ಟಿತ್ತು. ಕೀವಿನ ವಾಸನೆ ಸೊಪ್ಪಿನ ವಾಸನೆಗೆ ಬೆರೆಯಿತು.

"ನೋಡ್ರವ್ವ. ಹೆತ್ತೋಳ್ ಹೊಟ್ಟೆ ಹಿಂಗಿರುತ್ತಾ?"

ಹೆಂಗಸರಲ್ಲಿ ಒಬ್ಬಳು ಬಗ್ಗಿ ನೋಡಿದಳು. ಕೊಂಕಿನಿಂದಲ್ಲ, ನಿಜವಾಗಿಯೂ ಮರುಗಿ ಹೇಳಿದಳು: "ಅಯ್ಯೋ ಪಾಪ. ಆಸ್ಪತ್ರೇಲಿ ಹೊಟ್ಟೆ ಕುಯ್ದೇ ಮಗು ತೆಗೀತಾರಂತಲ್ಲ, ಇದೇನಾ ಅದು?"

ಅಮ್ಮ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು. ಆ ಸಂಜೆ ಜ್ವರ ಏರಿತು. ಗಾಡಿ ಕಟ್ಟಿಸಿ ಶಿಡ್ಲಘಟ್ಟಕ್ಕೆ, ಅಲ್ಲಿಂದ ತಿರುಗಿ ಆಸ್ಪತ್ರೆಗೆ. ಗಾಯವನ್ನು ಬಿಚ್ಚಿ ಹಾಗೆಯೇ ಬಿಟ್ಟರು; ಅದು ಒಳಗಿನಿಂದ ತಾನಾಗಿ ತುಂಬಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಅಜ್ಜಿ ಅಷ್ಟೂ ದಿನ ಮಂಚದ ಕಾಲಿನ ಹತ್ತಿರ ಕೂತಿದ್ದಳು. ಅಮ್ಮನ ಮೈಯನ್ನು ಮತ್ತೆ ಮುಟ್ಟಲಿಲ್ಲ. ನಾವು ಊರಿಗೆ ಬರುವ ಹೊತ್ತಿಗೆ ಆ ಎರಡು ತಿಂಗಳಿಗೂ ಒಂದು ಅರ್ಥ ಸಿದ್ಧವಾಗಿತ್ತು: ಕೂಸನ್ನು ಯಾರಿಗೋ ಒಪ್ಪಿಸಿ ಬಂದಿದ್ದಾರೆ. ಯಾರೂ ಬಯ್ಯಲಿಲ್ಲ. ಹುಳುವಿನ ಕೋಣೆಗೂ ಬಿಟ್ಟುಕೊಂಡರು. ಅಮ್ಮನ ಹೊಟ್ಟೆ ಅವಳು ಬಯಸಿದ ಹಾಗೆ ಚಪ್ಪಟೆಯಾಗಿತ್ತು, ಒಂದು ಕಡೆ ಸುಕ್ಕಿಕೊಂಡು. ಹೊಕ್ಕುಳು ಇರಲಿಲ್ಲ.

ಹನ್ನೊಂದು ವರ್ಷದ ಮೇಲೆ ಅಮ್ಮ ಸತ್ತಳು. ಹಿತ್ತಲಿನಲ್ಲಿ ಸೀರೆಗಳ ಮರೆ ಕಟ್ಟಿ ನಾನೂ ಚಿಕ್ಕಮ್ಮನೂ ಮೈ ತೊಳೆದೆವು. ಅಷ್ಟು ಹೊತ್ತಿಗೆ ಚಿಕ್ಕಮ್ಮ ಅತ್ತು ಅತ್ತು ಗಂಟಲು ಕಟ್ಟಿಕೊಂಡಿದ್ದಳು. ಕೊನೆಯ ತಿಂಗಳುಗಳಲ್ಲಿ ಅಮ್ಮನಿಗೆ ಗಂಜಿ ಕುಡಿಸಿದವಳೂ ಅವಳೇ. ಹೊಟ್ಟೆಯ ಮೇಲಿನ ಗೆರೆಗೆ ಅರಿಸಿನ ಹಚ್ಚುತ್ತ, ಅಲ್ಲಿ ಕೈ ನಿಧಾನ ಮಾಡಿದಳು.

"ಗಂಡೋ ಹೆಣ್ಣೋ, ಅದನ್ನೂ ಹೇಳ್ಲಿಲ್ಲ ನೋಡು ನಿಮ್ಮಮ್ಮ. ನಾನಾದ್ರೂ ಸಾಕ್ಕೊಂತಿದ್ದೆ."

ನಾನು ಇನ್ನೊಂದು ಚೊಂಬು ನೀರು ತೋಡಿಕೊಟ್ಟೆ.