ಅಪ್ಪನ ಎರಡು ಅಂಗಿ

‘ಏ, ಗೆಟಪ್ ಭಾರಿ ಅದ ಬಿಡು! ಲೈನಿನ್ಯಾಗ ನಿಂದ್ರು’ ಎನ್ನುತ್ತ ಸ್ವಯಂಸೇವಕಿಯೊಬ್ಬಳು ಆ ಹೆಣ್ಣುಮಗಳ ಬೆನ್ನಿಗೆ ಸ್ಪರ್ಧೆಯ ನಂಬರ್ ಚೀಟಿ ಚುಚ್ಚಿಯೇಬಿಟ್ಟಳು.

ರಾಯಚೂರಿನ ನಮ್ಮ ಕ್ಯಾಂಪಸ್ಸಿನಲ್ಲಿ ಅಂದು ದೇಸಿ ಉಡುಗೆ ಸ್ಪರ್ಧೆ. ತೀರ್ಪುಗಾರಳಾಗಿದ್ದ ನಾನೂ ಮೆಚ್ಚಿ ನಕ್ಕೆ. ನಮ್ಮ ಕಡೆ ಹತ್ತಿ ಬಿಡಿಸುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಬಿಸಿಲಿಗೆ ಮುಖ ಮುಚ್ಚುವಂತೆ ಟವೆಲ್ ಸುತ್ತಿಕೊಳ್ಳುತ್ತಾರೆ. ಆಕೆಯ ವೇಷ ಥೇಟ್ ಹಾಗೆಯೇ ಇತ್ತು.

ಹುಡುಗಿಯರು ಸೆಲ್ಫಿಗೆಂದು ಮುತ್ತಿಕೊಂಡಾಗ ಆಕೆ ಟವೆಲ್ ಸರಿಸಿದಳು. ನಲವತ್ತು ದಾಟಿದ, ಬೆವರಿಳಿಯುತ್ತಿದ್ದ ಮುಖ. ನೇರ ನನ್ನ ಬಳಿ ಬಂದಳು.

‘ಯವ್ವಾ, ಕಲ್ಲೂರಿಂದ ಬಂದೀನ್ರಿ. ನಮ್ಮ ಮನಿಯವರು ಹೊಲದಾಗ ಕುಸುದು ಬಿದ್ದಾರ. ಇಲ್ಲೇ ದವಾಖಾನಿಗೆ ತಂದೀವಿ. ಮಗಳು ಫೋನ್ ಎತ್ತವಲ್ಲಳು. ಉಸರು ಇರೋದ್ರಾಗ ಆಕಿ ಮಾರಿ ತೋರಸ್ತೀನಿ, ಕರೀರಿ.’

ಹೆಸರು ಕೇಳಿದರೆ, ಮಗಳು ವೇದಿಕೆಯ ಮೇಲಿದ್ದಳು. ಸ್ಪರ್ಧೆಗೆಂದು ಅವಳೂ ಹತ್ತಿ ಬಿಡಿಸುವವಳ ವೇಷ ಹಾಕಿದ್ದಳು. ಊರಿನಿಂದ ತಂದ ಅಪ್ಪನ ಇನ್ನೊಂದು ಅಂಗಿ, ತಲೆಗೆ ಟವೆಲ್. ಹಾಡು ನಿಲ್ಲಿಸಿ ಹೆಸರು ಕೂಗಿದೆವು. ಬಹುಮಾನವೇ ಬಂತೆಂದುಕೊಂಡು ನಗುತ್ತ ಇಳಿದು ಬಂದವಳು ತಾಯಿಯನ್ನು ಕಂಡು ನಿಂತುಬಿಟ್ಟಳು. ಆಮೇಲೆ ಇಬ್ಬರೂ ಗೇಟಿನತ್ತ ಓಡಿದರು. ಹಿಂದಿನಿಂದ ನೋಡಿದರೆ ಯಾರು ತಾಯಿ, ಯಾರು ಮಗಳು ಎಂದು ತಿಳಿಯುತ್ತಿರಲಿಲ್ಲ. ಇಬ್ಬರ ಬೆನ್ನಿಗೂ ನಂಬರ್ ಚೀಟಿಯಿತ್ತು. ಅವರು ದವಾಖಾನೆ ಮುಟ್ಟುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತಂತೆ.

ಬರಲಿರುವ ಯುವಜನೋತ್ಸವದ ಪೋಸ್ಟರನ್ನು ಈಗ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ದೇಸಿ ಉಡುಗೆ ಸ್ಪರ್ಧೆ ಅದರಲ್ಲೂ ಇದೆ. ಆ ಹುಡುಗಿ ಮತ್ತೆ ಕ್ಲಾಸಿಗೆ ಬರಲಿಲ್ಲ. ಅವಳ ಅಪ್ಪನ ಎರಡೂ ಅಂಗಿಗಳು ದಿನಾ ಹತ್ತಿ ಬಿಡಿಸಲು ಹೋಗುತ್ತಿವೆ.